ತಣ್ಣೀರಿನ ಸಂಗಾತಿಗಳು

ಇಂಗ್ಲೆಂಡಿನ ನಟ್ಟನಡುವೆ ಲೆಸ್ಟರ್‌ಶೈರ್ ಎಂಬ ಕೌಂಟಿಯಿದೆ. ಆ ದೇಶದಲ್ಲಿ ಕಡಲಿಗೆ ಅತಿ ದೂರದ ಸೀಮೆಗಳಲ್ಲಿ ಅದೂ ಒಂದು. ಅಲ್ಲಿನ ಸ್ಟೋನಿ ಸ್ಟ್ಯಾಂಟನ್ ಹಳ್ಳಿಯ ಪಕ್ಕದಲ್ಲಿ ಹಳೆಯದೊಂದು ಕಲ್ಲುಕ್ವಾರಿಯಿದ್ದು, ಶನಿವಾರ, ಭಾನುವಾರದ ಬೆಳಿಗ್ಗೆ ಅದರ ಸುತ್ತ ಜಾತ್ರೆಯ ಗದ್ದಲ. ಡಿಕ್ಕಿ ತೆರೆದ ಕಾರುಗಳು, ಸಾಲಾಗಿ ನಿಲ್ಲಿಸಿದ ಗಾಳಿ ಸಿಲಿಂಡರ್‌ಗಳು, ದಪ್ಪನೆಯ ರಬ್ಬರ್ ಉಡುಪಿಗೆ ಕೈಕಾಲು ತೂರಿಸಲು ಹೆಣಗುವ ಗಂಡಸರು, ಹೆಂಗಸರು. ಅವರಲ್ಲಿ ಶಾಲೆಯ ಮೇಷ್ಟ್ರೂ ಇರುತ್ತಾರೆ, ಲಾರಿ ಚಾಲಕರೂ ಇರುತ್ತಾರೆ, ನರ್ಸ್‌ಗಳೂ ನಿವೃತ್ತ ಎಂಜಿನಿಯರುಗಳೂ ಇರುತ್ತಾರೆ. ಚಳಿಗಾಲದಲ್ಲಿ ಇಲ್ಲಿನ ನೀರಿನ ಉಷ್ಣಾಂಶ ಐದಾರು ಡಿಗ್ರಿಗೆ ಇಳಿಯುತ್ತದೆ. ಹವಳದ ದಿಬ್ಬಗಳಿಲ್ಲ, ಬಣ್ಣಬಣ್ಣದ ಮೀನುಗಳಿಲ್ಲ. ಆದರೂ ಇವರು ಇಬ್ಬಿಬ್ಬರಾಗಿ ನೀರಿಗಿಳಿಯುತ್ತಾರೆ. ಮುಕ್ಕಾಲು ಗಂಟೆಯ ಬಳಿಕ ತುಟಿ ನೀಲಿಗಟ್ಟಿಸಿಕೊಂಡು ಮೇಲೆ ಬಂದು, ಬಿಸಿ ಚಹಾ ಕುಡಿದು, ಮತ್ತೊಮ್ಮೆ ಇಳಿಯುತ್ತಾರೆ.

ಸ್ಕೂಬಾ ಡೈವಿಂಗ್ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಅಂಡಮಾನ್, ಮಾಲ್ಡೀವ್ಸ್, ಲಕ್ಷದ್ವೀಪಗಳ ಪಾರದರ್ಶಕ ನೀಲಿ ನೀರು. ಬ್ರಿಟನ್ನಿನ ಸುತ್ತ ಅಂಥ ಕಡಲಿಲ್ಲ. ಅಲ್ಲಿನದು ಹಸಿರು ಮಬ್ಬಿನ, ಸೆಳೆತ ಜೋರಾದ, ಮೂಳೆ ಕೊರೆಯುವ ನೀರು. ಹೀಗಿದ್ದೂ ಸಾಮಾನ್ಯ ಜನರ ಡೈವಿಂಗ್ ಅಷ್ಟು ಆಳವಾಗಿ ಬೇರೂರಿದ ದೇಶಗಳು ಜಗತ್ತಿನಲ್ಲಿ ಕಡಿಮೆ. ಅದಕ್ಕೆ ಕಾರಣ ಊರೂರಿನ ಡೈವಿಂಗ್ ಕ್ಲಬ್ಬು ಮತ್ತು ಆ ಕ್ಲಬ್ಬು ಎಪ್ಪತ್ತು ವರ್ಷಗಳಿಂದ ಬಿಡದೆ ಪಾಲಿಸಿಕೊಂಡು ಬಂದ ಒಂದು ಕಟ್ಟುಪಾಡು: ಕಲಿತವರು ಕಲಿಸಬೇಕು, ಅದಕ್ಕೆ ಸಂಬಳ ಕೇಳಬಾರದು.

ಕ್ಲಬ್ಬು ಹುಟ್ಟಿದ ಬಗೆ

ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ 'ಆಕ್ವಾ ಲಂಗ್' ಎಂಬ ಉಪಕರಣ ರೂಪಿಸಿದರು. ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ, ಉಸಿರೆಳೆದಾಗ ಮಾತ್ರ, ಸುತ್ತಲ ನೀರಿನ ಒತ್ತಡಕ್ಕೆ ಸರಿಹೊಂದುವ ಗಾಳಿಯನ್ನು ಬಾಯಿಗೆ ಕೊಡುವುದು ಅದರ ಕೆಲಸ. ಅಲ್ಲಿಯ ತನಕ ನೀರಿನಡಿಗೆ ಹೋಗಬೇಕಾದವರು ತಾಮ್ರದ ಭಾರಿ ಶಿರಸ್ತ್ರಾಣ ಧರಿಸಿ, ದೋಣಿಯಿಂದ ಇಳಿಬಿಟ್ಟ ಕೊಳವೆಯ ಗಾಳಿಯನ್ನು ನಂಬಬೇಕಿತ್ತು. ಹೊಸ ಉಪಕರಣ ಬಂದ ಮೇಲೆ ಯಾರು ಬೇಕಾದರೂ ಮೀನಿನ ಹಾಗೆ ಈಜುತ್ತ ಇಳಿಯಬಹುದಾಯಿತು. ಆದರೆ ಕಲಿಸುವವರು ಯಾರು? ನೌಕಾಪಡೆಯ ಹೊರಗೆ ಅಂಥವರು ಬೆರಳೆಣಿಕೆಯಷ್ಟಿದ್ದರು.

ಈ ಕೊರತೆ ನೀಗಲು 1953ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಆಸ್ಕರ್ ಗುಗೆನ್ ಮತ್ತು ಪತ್ರಕರ್ತ ಪೀಟರ್ ಸ್ಮಾಲ್ ಸೇರಿ 'ಬ್ರಿಟಿಷ್ ಸಬ್ ಆಕ್ವಾ ಕ್ಲಬ್' ಕಟ್ಟಿದರು. ಮರುವರ್ಷವೇ ಅದಕ್ಕೆ ಈ ಕ್ರೀಡೆಯ ಅಧಿಕೃತ ಆಡಳಿತ ಸಂಸ್ಥೆಯೆಂಬ ಮನ್ನಣೆ ಸಿಕ್ಕಿತು. ಊರಿಗೊಂದು ಶಾಖೆ ತೆರೆಯುತ್ತ ಹೋಯಿತು. ಬಂದರಿಲ್ಲದ ಊರುಗಳಲ್ಲೂ ಈಜುಕೊಳವೊಂದಿದ್ದರೆ ಸಾಕು, ಶಾಖೆ ಹುಟ್ಟುತ್ತಿತ್ತು. ಕೇಂದ್ರ ಸಂಸ್ಥೆ ಪಠ್ಯ, ಪರೀಕ್ಷೆ, ಸುರಕ್ಷತಾ ನಿಯಮಗಳನ್ನು ರೂಪಿಸಿದರೆ, ದಿನನಿತ್ಯದ ಆಡಳಿತವನ್ನೆಲ್ಲ ಶಾಖೆಗಳೇ ನೋಡಿಕೊಳ್ಳುತ್ತವೆ.

ಈ ಕ್ರೀಡೆ ಎಷ್ಟು ನಿಷ್ಠುರವಾದದ್ದು ಎಂಬುದು ಸ್ಥಾಪಕರಿಗೇ ತಟ್ಟಿತು. 1962ರ ಡಿಸೆಂಬರ್‌ನಲ್ಲಿ ಪೀಟರ್ ಸ್ಮಾಲ್ ಸ್ವಿಟ್ಜರ್ಲೆಂಡಿನ ಡೈವರ್ ಹಾನೆಸ್ ಕೆಲ್ಲರ್ ಜತೆ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಬಳಿ ಸಾವಿರ ಅಡಿ ಆಳದ ಪ್ರಯೋಗಕ್ಕೆ ಇಳಿದು ಪ್ರಾಣ ಕಳೆದುಕೊಂಡರು. ಅವರ ನೆರವಿಗೆ ಇಳಿದ ಯುವ ಡೈವರ್ ಕೂಡ ಮರಳಲಿಲ್ಲ.

ಆ ವರ್ಷಗಳಿಂದ ಇಂದಿನವರೆಗೂ ಕ್ಲಬ್ಬಿನ ಬದುಕಿನಲ್ಲಿ ಸುರಕ್ಷತೆಗೆ ಸಿಕ್ಕಿರುವ ಸ್ಥಾನ ದೊಡ್ಡದು. ದೇಶದಲ್ಲಿ ನಡೆದ ಡೈವಿಂಗ್ ಅವಘಡಗಳನ್ನು ಹೆಸರು ಹೇಳದೆ ಒಂದೊಂದಾಗಿ ವಿವರಿಸುವ ವರದಿಯನ್ನು ಸಂಸ್ಥೆ ದಶಕಗಳಿಂದ ಪ್ರಕಟಿಸುತ್ತ ಬಂದಿದೆ. ಎಷ್ಟು ಆಳದಲ್ಲಿ, ಎಷ್ಟು ಹೊತ್ತಿಗೆ ಏನು ಕೆಟ್ಟಿತು, ಜತೆಯವರು ಏನು ಮಾಡಿದರು ಎಂಬುದನ್ನೆಲ್ಲ ಅದರಲ್ಲಿ ಓದಬಹುದು. ತಪ್ಪನ್ನು ಮುಚ್ಚಿಟ್ಟರೆ ಮುಂದಿನ ಶಿಷ್ಯ ಅದೇ ತಪ್ಪಿಗೆ ಬಲಿಯಾಗುತ್ತಾನೆ ಎಂಬ ತಿಳಿವಳಿಕೆ ಇದರ ಹಿಂದಿದೆ. ನಮ್ಮ ಯಾವುದೇ ಸಾಹಸ ಕ್ರೀಡೆ ಮೊದಲು ಕಲಿಯಬೇಕಾದ ಪಾಠ ಇದೇ ಎಂದು ನನಗನ್ನಿಸುತ್ತದೆ.

ವಾರದ ಸಂಜೆ, ಈಜುಕೊಳದಲ್ಲಿ

ಕ್ಲಬ್ಬಿನ ಜೀವನಾಡಿ ವಾರಕ್ಕೊಮ್ಮೆ ಬರುವ 'ಪೂಲ್ ನೈಟ್'. ಊರಿನ ಈಜುಕೊಳವನ್ನು ಒಂದೆರಡು ಗಂಟೆ ಬಾಡಿಗೆಗೆ ಪಡೆದಿರುತ್ತಾರೆ. ಒಂದು ತುದಿಯಲ್ಲಿ ಹೊಸಬರು ಸೊಂಟದ ಮಟ್ಟದ ನೀರಿನಲ್ಲಿ ಮಂಡಿಯೂರಿ, ಮುಖದ ಮಾಸ್ಕಿಗೆ ನೀರು ತುಂಬಿಸಿಕೊಂಡು, ಮೂಗಿನಿಂದ ಗಾಳಿಯೂದಿ ಅದನ್ನು ಹೊರಹಾಕುವುದನ್ನು ಕಲಿಯುತ್ತಿರುತ್ತಾರೆ. ಇನ್ನೊಂದು ತುದಿಯಲ್ಲಿ ಹಳಬರು ಪ್ರಜ್ಞೆ ತಪ್ಪಿದವರನ್ನು ಮೇಲೆ ತರುವ ಅಭ್ಯಾಸದಲ್ಲಿರುತ್ತಾರೆ. ಗಾಳಿ ಕೊಡುವ ರೆಗ್ಯುಲೇಟರ್ ಎಂಬ ಕವಾಟ ಬಾಯಿಂದ ಕಳಚಿದರೆ ತೋಳು ಬೀಸಿ ಅದನ್ನು ಮರಳಿ ಹಿಡಿಯುವುದು, ಗಾಳಿ ಮುಗಿದ ಜತೆಗಾರನಿಗೆ ತನ್ನ ಎರಡನೆಯ ರೆಗ್ಯುಲೇಟರ್ ಕೊಡುವುದು, ಕೈ ಸನ್ನೆಗಳಲ್ಲಿ ಮಾತಾಡುವುದು. ಇವನ್ನು ಯೋಚಿಸದೆ ಮಾಡುವಷ್ಟು ರೂಢಿಯಾಗುವವರೆಗೆ ವಾರವಾರವೂ ಮಾಡಿಸುತ್ತಾರೆ.

ಇಷ್ಟು ಕಟ್ಟುನಿಟ್ಟು ಏಕೆ ಎಂಬುದಕ್ಕೆ ನೀರಿನ ಭೌತಶಾಸ್ತ್ರದಲ್ಲಿ ಉತ್ತರವಿದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದರ ಮೂರು ಪಟ್ಟು. ಅಲ್ಲಿ ಒಂದೊಂದು ಉಸಿರೂ ಮೂರು ಪಟ್ಟು ಗಾಳಿ ನುಂಗುತ್ತದೆ. 232 ಬಾರ್ ಒತ್ತಡಕ್ಕೆ ತುಂಬಿದ 12 ಲೀಟರ್ ಸಿಲಿಂಡರಿನ ಗಾಳಿ ದಡದಲ್ಲಿ ಕುಳಿತು ಉಸಿರಾಡಿದರೆ ಎರಡು ಗಂಟೆಗೂ ಹೆಚ್ಚು ಬರುತ್ತದೆ. 20 ಮೀಟರ್ ಆಳದಲ್ಲಿ ಸುಮಾರು ಮುಕ್ಕಾಲು ಗಂಟೆಗೆ ಬರಿದಾಗುತ್ತದೆ. ಚಳಿ, ಗಾಬರಿ, ಆಯಾಸ ಸೇರಿಕೊಂಡರೆ ಅದಕ್ಕೂ ಮೊದಲೇ. ಆಳದಲ್ಲಿ ಶ್ವಾಸಕೋಶಕ್ಕೆ ತುಂಬಿಕೊಂಡ ಗಾಳಿ ಮೇಲೇರುವಾಗ ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶ ಹರಿಯುವ ಅಪಾಯವಿದೆ. ಹಾಗಾಗಿ ಹೊಸಬರಿಗೆ ಹೇಳಿಕೊಡುವ ಮೊದಲ ನಿಯಮ: ಉಸಿರಾಟ ಎಂದೂ ನಿಲ್ಲಿಸಬಾರದು.

ಇನ್ನೊಂದು ಅಪಾಯ ನೈಟ್ರೊಜನ್ನಿನದು. ಒತ್ತಡದಲ್ಲಿ ಅದು ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ. ಸರಸರನೆ ಮೇಲೇರಿದರೆ ಒಳಗೇ ಗುಳ್ಳೆಗಟ್ಟಿ ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಸಾವನ್ನೂ ತರುತ್ತದೆ. ಇದನ್ನು ತಪ್ಪಿಸಲು ಹಂತಹಂತವಾಗಿ ನಿಂತು ಮೇಲೇರುವ ವೇಳಾಪಟ್ಟಿಗಳನ್ನು ಮೊದಲು ಕೊಟ್ಟವರು ಸ್ಕಾಟ್ಲೆಂಡ್ ಮೂಲದ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ನಡೆಸಿದ ಪ್ರಯೋಗಗಳ ಮೇಲೆ ನಿಂತ ಆ ವೇಳಾಪಟ್ಟಿ 1908ರಲ್ಲಿ ಪ್ರಕಟವಾಯಿತು. ಇಂದು ಮಣಿಕಟ್ಟಿನ ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕಿಕೊಡುತ್ತದೆ, ಆದರೂ ಆ ಲೆಕ್ಕದ ತಿರುಳನ್ನು ಕ್ಲಬ್ಬಿನ ತರಗತಿಯಲ್ಲಿ ಎಲ್ಲರೂ ಕಲಿತೇ ತೀರಬೇಕು.

ಕಲಿಕೆಗೆ ಮೆಟ್ಟಿಲುಗಳಿವೆ. ಮೊದಲ ಹಂತದ 'ಓಷನ್ ಡೈವರ್' 20 ಮೀಟರ್‌ವರೆಗೆ ಇಳಿಯಬಹುದು. ನಂತರದ 'ಸ್ಪೋರ್ಟ್ಸ್ ಡೈವರ್' 35 ಮೀಟರ್‌ವರೆಗೆ. ಅದರ ಮೇಲಿನ 'ಡೈವ್ ಲೀಡರ್' ಇತರರನ್ನು ಮುನ್ನಡೆಸಬಲ್ಲವರು. ಪ್ರತಿ ಶಾಖೆಗೂ ಒಬ್ಬ ಡೈವಿಂಗ್ ಆಫೀಸರ್ ಇರುತ್ತಾರೆ. ಯಾರು ಎಲ್ಲಿ, ಯಾವಾಗ, ಯಾರ ಜತೆ ಇಳಿಯಬಹುದು ಎಂಬ ವಿಷಯದಲ್ಲಿ ಅವರದೇ ಕೊನೆಯ ಮಾತು. ತರಬೇತಿ ನೋಡಿಕೊಳ್ಳುವವರು, ಸಲಕರಣೆ ರಿಪೇರಿ ಮಾಡುವವರು, ರಬ್ಬರ್ ದೋಣಿಯ ಎಂಜಿನ್ ಕಾಯುವವರು, ಲೆಕ್ಕ ಬರೆಯುವವರು ಎಲ್ಲರೂ ತಮ್ಮ ಬಿಡುವಿನ ವೇಳೆಯನ್ನು ಕೊಡುವ ಸದಸ್ಯರೇ. ಹೊಸಬರಿಗೆ ದುಬಾರಿ ಸಲಕರಣೆ ಕೊಳ್ಳುವ ಒತ್ತಾಯವಿಲ್ಲ. ಕ್ಲಬ್ಬಿನ ಉಗ್ರಾಣದಿಂದ ಎರವಲು ಸಿಗುತ್ತದೆ. ಚಂದಾ ಹಣ, ಹಳೆ ಸಾಮಾನಿನ ಮಾರಾಟ, ದೇಣಿಗೆ ಕೂಡಿಸಿ ದೋಣಿ ಕೊಳ್ಳುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು 'ಬಡ್ಡಿ' ಪದ್ಧತಿ. ಇಳಿಯುವ ಮೊದಲು ಇಬ್ಬರೂ ಎದುರುಬದುರು ನಿಂತು ಪರಸ್ಪರರ ಗಾಳಿ, ಪಟ್ಟಿ, ತೂಕ, ಬಕಲ್‌ಗಳನ್ನು ಮುಟ್ಟಿ ನೋಡುತ್ತಾರೆ. ಕಂಪನಿಯ ಮುಖ್ಯಸ್ಥೆಯ ಬಡ್ಡಿ ಅದೇ ಊರಿನ ಪ್ಲಂಬರ್ ಆಗಿರಬಹುದು. ನೀರಿನಡಿಯಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಜವಾಬ್ದಾರಿ. ವರ್ಗಭೇದ ಗಾಢವಾಗಿದ್ದ ಬ್ರಿಟಿಷ್ ಸಮಾಜದಲ್ಲಿ ಈ ನಂಬಿಕೆಯ ಮೇಲೆ ಸಂಘಗಳು ಕಟ್ಟಿಕೊಂಡವು ಎಂಬುದು ಸಣ್ಣ ಸಂಗತಿಯಲ್ಲ.

ಕ್ವಾರಿಯೇ ಪಾಠಶಾಲೆ

ಈಜುಕೊಳ ದಾಟಿದ ಮೇಲೆ ಹೊಸಬರು ಹೋಗುವುದು ಕ್ವಾರಿಗೆ. ಸ್ಟೋನಿ ಕೋವ್ ಎಂದು ಹೆಸರಾದ ಲೆಸ್ಟರ್‌ಶೈರಿನ ಕ್ವಾರಿಯಲ್ಲಿ ಕಲ್ಲು ಒಡೆಯುವ ಕೆಲಸ 1958ರಲ್ಲಿ ನಿಂತಿತು. ಪಂಪುಗಳು ನಿಂತ ಕೂಡಲೇ ಒರತೆ ನೀರು ತುಂಬತೊಡಗಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಾಗ ಅಲ್ಲಿ ದುಡಿಯಬೇಕಿದ್ದ ವೃತ್ತಿಪರ ಡೈವರ್‌ಗಳಿಗೂ ಇಲ್ಲಿ ತರಬೇತಿಯಾಯಿತು. ಕಲ್ಲು ತೆಗೆದ ಮಟ್ಟಗಳೇ ಈಗ ನೀರಿನಡಿಯ ಜಗಲಿಗಳಾಗಿವೆ: ಒಂದು ಸುಮಾರು 6 ಮೀಟರ್ ಆಳದಲ್ಲಿ, ಇನ್ನೊಂದು 20ರಲ್ಲಿ, ತಳ 35 ಮೀಟರ್ ಆಸುಪಾಸಿನಲ್ಲಿ. ಕಲಿಕೆಯ ಮೆಟ್ಟಿಲಿಗೂ ಕ್ವಾರಿಯ ಮೆಟ್ಟಿಲಿಗೂ ಹೇಳಿ ಮಾಡಿಸಿದ ಹೊಂದಾಣಿಕೆ. ನೋಡಲು ಏನಾದರೂ ಇರಲೆಂದು ವಿಮಾನದ ಮುಂಭಾಗ, ಹೆಲಿಕಾಪ್ಟರ್, ಬಸ್ಸು ಎಲ್ಲವನ್ನೂ ಇಳಿಬಿಟ್ಟಿದ್ದಾರೆ. 1910ರಲ್ಲಿ ಕಟ್ಟಿದ 'ಸ್ಟೇನ್‌ಗಾರ್ತ್' ಎಂಬ ಹಳೆಯ ಟಗ್ ದೋಣಿಯನ್ನು 2000ದಲ್ಲಿ ಇಲ್ಲಿ ಮುಳುಗಿಸಿದರು. ಪರ್ಚ್, ಪೈಕ್ ಜಾತಿಯ ಸಿಹಿನೀರಿನ ಮೀನುಗಳು ಅದರ ಸುತ್ತ ಸುಳಿಯುತ್ತವೆ.

ಉತ್ತರದ ಲ್ಯಾಂಕಾಶೈರಿನಲ್ಲಿ ಕೇಪರ್ನ್‌ರೇ ಎಂಬ ಸುಣ್ಣಕಲ್ಲಿನ ಕ್ವಾರಿಯಿದೆ. ಅದರಲ್ಲಿ ಪುಟ್ಟ ವಿಮಾನಗಳು, ಫೈಬರ್ ಗ್ಲಾಸಿನ ಕುದುರೆ, ತೋಟದ ಕುಳ್ಳ ಗೊಂಬೆಗಳ ಸಾಲು ಇವೆ. ವಿಚಿತ್ರವೆನಿಸಿದರೂ ಇವಕ್ಕೊಂದು ಉಪಯೋಗವಿದೆ. ಮಬ್ಬು ನೀರಿನಲ್ಲಿ ದಿಕ್ಸೂಚಿ ಹಿಡಿದು ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗುವ ಅಭ್ಯಾಸಕ್ಕೆ, ತೇಲುವಿಕೆ ಹಿಡಿತಕ್ಕೆ ಬಂದಿದೆಯೇ ಎಂದು ಪರೀಕ್ಷಿಸಲಿಕ್ಕೆ ಇವು ನಿಲ್ದಾಣಗಳು.

ಇಂಥ ಗೊಂಬೆಗಳನ್ನು ನೋಡುವ ಕುತೂಹಲ ಎಲ್ಲೆ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ವಾಸ್ಟ್ ವಾಟರ್ ಸಾಕ್ಷಿ. ಲೇಕ್ ಡಿಸ್ಟ್ರಿಕ್ಟಿನ ಈ ಸರೋವರ 79 ಮೀಟರ್ ಆಳದ್ದು, ಇಂಗ್ಲೆಂಡಿನಲ್ಲಿ ಅತಿ ಆಳದ್ದು. ಯಾರೋ ಅದರ ತಳದ ಇಳಿಜಾರಿನಲ್ಲಿ, ಸುಮಾರು 48 ಮೀಟರ್ ಕೆಳಗೆ, ಬೇಲಿ ಸಮೇತ ಗೊಂಬೆಗಳ ತೋಟ ಮಾಡಿದ್ದರು. ಅದನ್ನು ನೋಡಲೆಂದೇ ಜನ ಇಳಿಯತೊಡಗಿದರು. ಅಲ್ಲಿ ಡೈವರ್‌ಗಳು ಪ್ರಾಣ ಕಳೆದುಕೊಂಡ ಮೇಲೆ ಪೊಲೀಸರ ಮುಳುಗು ತಜ್ಞರು ಗೊಂಬೆಗಳನ್ನು ತೆಗೆದುಹಾಕಿದರು. ಆದರೆ ಪೊಲೀಸ್ ಡೈವರ್‌ಗಳು 50 ಮೀಟರ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಯಾರೋ ಆ ಮಿತಿಯ ಕೆಳಗೆ ಮತ್ತೆ ಗೊಂಬೆಗಳನ್ನಿಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿತು. ವೇಲ್ಸ್‌ನ ಡೊರೋಥಿಯಾ ಎಂಬ ಸ್ಲೇಟು ಗಣಿಯ ಕಥೆ ಇನ್ನೂ ಕಹಿ. 1970ರಲ್ಲಿ ಮುಚ್ಚಿದ, ನೂರು ಮೀಟರ್ ಆಳದ ಆ ಹೊಂಡ ಹಲವು ಡೈವರ್‌ಗಳನ್ನು ಬಲಿ ತೆಗೆದುಕೊಂಡಿದೆ. ಸ್ಟೋನಿ ಕೋವಿನಲ್ಲಿ ಕಾವಲಿದೆ, ಗಾಳಿ ತುಂಬುವ ಕೇಂದ್ರವಿದೆ, ಪ್ರಥಮ ಚಿಕಿತ್ಸೆಯಿದೆ. ಕಲ್ಲು ತೆಗೆದುಬಿಟ್ಟ ಹೊಂಡವನ್ನು ಪಾಠಶಾಲೆಯಾಗಿ ಉಳಿಸುವುದು ಇಂಥ ಏರ್ಪಾಡು.

ಹಸಿರು ಕಡಲಿನ ಠಾಣೆಗಳು

ಕಡಲಿಗೆ ಹೊರಟರೆ ಮೊದಲು ನೋಡಬೇಕಾದದ್ದು ಭರತ ಇಳಿತಗಳ ಪಟ್ಟಿ. ನಮ್ಮ ಕಾರವಾರದ ಕರಾವಳಿಯಲ್ಲಿ ದೊಡ್ಡ ಭರತದ ದಿನವೂ ನೀರಿನ ಏರಿಳಿತ ಸುಮಾರು 2 ಮೀಟರ್. ಬ್ರಿಟನ್ನಿನ ಬ್ರಿಸ್ಟಲ್ ಕಾಲುವೆಯಲ್ಲಿ ಅದು 14 ಮೀಟರ್ ಮುಟ್ಟುತ್ತದೆ. ಅಷ್ಟು ನೀರು ದಿನಕ್ಕೆರಡು ಬಾರಿ ಒಳನುಗ್ಗಿ ಹೊರಹೋಗುವಾಗ ಆ ಸೆಳೆತಕ್ಕೆ ಎದುರಾಗಿ ಈಜುವುದು ಯಾರಿಂದಲೂ ಆಗದು. ಭರತ ತಿರುಗಿ ಇಳಿತ ಶುರುವಾಗುವ ನಡುವೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಡೈವರ್‌ಗಳು ಕಾಯುವುದು ಆ ಬಿಡುವಿಗೆ. ಅದಕ್ಕಾಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದೋಣಿ ಇಳಿಸುವುದೂ ಉಂಟು.

ಚಳಿಗೆ ಮದ್ದು 'ಡ್ರೈಸೂಟ್'. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸೆಳೆಯುವುದರಿಂದ, ಕುತ್ತಿಗೆ, ಮಣಿಕಟ್ಟುಗಳಲ್ಲಿ ನೀರು ನುಸುಳದಂತೆ ಬಿಗಿಯಾದ ಈ ಉಡುಪನ್ನು ಉಣ್ಣೆಯ ಒಳಉಡುಪಿನ ಮೇಲೆ ತೊಡುತ್ತಾರೆ. ನೀರಿನ ಹಸಿರು ಮಬ್ಬು ಬಹುಪಾಲು ಪ್ಲಾಂಕ್ಟನ್‌ ಎಂಬ ಸೂಕ್ಷ್ಮ ಜೀವಿಗಳಿಂದ ಬಂದದ್ದು. ಕಣ್ಣಿಗೆ ಅಡ್ಡಿ ಮಾಡುವ ಆ ಜೀವಿಗಳೇ ಇಡೀ ಕಡಲಿಗೆ ಅನ್ನ. ಅದರಿಂದಲೇ ಬಂಡೆಗಳ ಮೇಲೆ ಕಡಲ ಹೂಗಳು, ಸ್ಪಂಜುಗಳು, ಮೃದು ಹವಳಗಳು ಒತ್ತೊತ್ತಾಗಿ ಬೆಳೆಯುತ್ತವೆ.

ದಕ್ಷಿಣದ ಸ್ವಾನೇಜ್ ಪಟ್ಟಣದ ವಿಕ್ಟೋರಿಯನ್ ಕಾಲದ ಪಿಯರ್ ಅಡಿಯಲ್ಲಿ ನೀರು ನಾಲ್ಕೈದು ಮೀಟರ್ ಮಾತ್ರ. ಆದರೂ ತಲೆಮಾರುಗಳ ಡೈವರ್‌ಗಳು ಅಲ್ಲಿ ಕಲಿತಿದ್ದಾರೆ. ಮರದ ಕಂಬಗಳ ಬುಡದಲ್ಲಿ ಟಾಂಪಾಟ್ ಬ್ಲೆನಿ ಎಂಬ, ತಲೆಯ ಮೇಲೆ ಜೋಡಿ ಕವಲುಕೊಂಬಿನಂಥ ಅಂಗವಿರುವ ಪುಟ್ಟ ಮೀನು ಬಂದವರನ್ನು ದಿಟ್ಟಿಸುತ್ತದೆ. ಈಶಾನ್ಯದ ಫಾರ್ನ್ ದ್ವೀಪಗಳಲ್ಲಿ ಬೂದು ಸೀಲ್‌ಗಳು ಡೈವರ್‌ಗಳ ಬೆನ್ನ ಹಿಂದೆ ಬಂದು ಕಾಲಿನ ರೆಕ್ಕೆ ಕಚ್ಚಿ ಎಳೆಯುತ್ತವೆ. ಮರಿಗಳ ಕುತೂಹಲ ಎಷ್ಟೇ ಸೆಳೆದರೂ ತಾವಾಗಿ ಅವುಗಳ ಬಳಿ ಹೋಗಬಾರದು, ಅವು ಬಂದರೆ ಬರಲಿ ಎಂಬುದು ಕ್ಲಬ್ಬುಗಳ ನಡಾವಳಿ.

ನೈಋತ್ಯದ ವಿಟ್‌ಸ್ಯಾಂಡ್ ಕೊಲ್ಲಿಯಲ್ಲಿ ಎರಡು ಹಡಗುಗಳು ಹತ್ತಿರ ಹತ್ತಿರ ಮಲಗಿವೆ. 'ಜೇಮ್ಸ್ ಈಗನ್ ಲೇನ್' 1945ರ ಮಾರ್ಚ್‌ನಲ್ಲಿ ಟಾರ್ಪೆಡೊ ಏಟಿಗೆ ಮುಳುಗಿದ ಅಮೆರಿಕದ ಸರಕು ಹಡಗು. 'ಸಿಲ್ಲಾ' ನೌಕಾಪಡೆಯ ನಿವೃತ್ತ ಯುದ್ಧನೌಕೆ. ಸಾಗರಜೀವಿಗಳಿಗೆ ನೆಲೆಯಾಗಲೆಂದು 2004ರ ಮಾರ್ಚ್ 27ರಂದು ಉದ್ದೇಶಪೂರ್ವಕವಾಗಿ ಮುಳುಗಿಸಿದ್ದು. ಎರಡನ್ನೂ ನೋಡಿದವರಿಗೆ ಬರಿಯ ಉಕ್ಕಿನ ಮೇಲೆ ಜೀವ ಹೇಗೆ ಹಂತಹಂತವಾಗಿ ಮನೆ ಹೂಡುತ್ತದೆ ಎಂಬುದು ಕಣ್ಣಾರೆ ತಿಳಿಯುತ್ತದೆ.

ಪ್ರತಿ ಕ್ಲಬ್ಬಿನ ಸದಸ್ಯರೂ ಒಮ್ಮೆಯಾದರೂ ಹೋಗಬೇಕೆಂದು ಹಂಬಲಿಸುವ ಜಾಗ ಸ್ಕಾಟ್ಲೆಂಡಿನ ಉತ್ತರದ ಓರ್ಕ್ನಿ ದ್ವೀಪಗಳ ಸ್ಕಾಪಾ ಫ್ಲೋ. ಮೊದಲ ಮಹಾಯುದ್ಧ ಮುಗಿದಾಗ ಜರ್ಮನಿಯ 74 ಯುದ್ಧನೌಕೆಗಳನ್ನು ಇಲ್ಲಿ ಬಂಧಿಸಿಡಲಾಗಿತ್ತು. ಅವು ಬ್ರಿಟಿಷರ ಪಾಲಾಗಬಾರದೆಂದು ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ 1919ರ ಜೂನ್ 21ರಂದು ಆದೇಶ ಕೊಟ್ಟರು. ನಾವಿಕರು ನೀರಿನ ಕವಾಟಗಳನ್ನು ತೆರೆದರು. ಒಂದೇ ದಿನ 52 ಹಡಗುಗಳು ತಳ ಸೇರಿದವು. ನಂತರದ ದಶಕಗಳಲ್ಲಿ ಅರ್ನೆಸ್ಟ್ ಕಾಕ್ಸ್ ಮತ್ತಿತರ ಉದ್ಯಮಿಗಳು ಬಹುಪಾಲು ಹಡಗುಗಳನ್ನು ಎತ್ತಿ ಉಕ್ಕಾಗಿ ಮಾರಿದರು. ಅಣುಬಾಂಬ್ ಯುಗಕ್ಕೆ ಮೊದಲು ತಯಾರಾದ ಉಕ್ಕಿನಲ್ಲಿ ವಿಕಿರಣದ ಸೋಂಕು ಇಲ್ಲದ್ದರಿಂದ, ಸೂಕ್ಷ್ಮ ಅಳತೆಯ ಉಪಕರಣಗಳಿಗೂ ಇಲ್ಲಿನ ಉಕ್ಕು ಬಳಕೆಯಾಯಿತು. ಈಗ ಉಳಿದಿರುವುದು ಮೂರು ಭಾರಿ ಯುದ್ಧನೌಕೆಗಳು, ನಾಲ್ಕು ಕ್ರೂಸರ್‌ಗಳು. ಕ್ಯೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿನ್ಸ್ ವಿಲ್‌ಹೆಲ್ಮ್ ಎಂಬ ಆ ಮೂರೂ 1916ರ ಜಟ್‌ಲೆಂಡ್ ಕದನದಲ್ಲಿ ಹೋರಾಡಿದವು. ಮೇಲಿನ ಫಿರಂಗಿ ಗೋಪುರಗಳ ಭಾರಕ್ಕೆ ಮಗುಚಿ, ತಲೆಕೆಳಗಾಗಿ ಬಿದ್ದಿವೆ.

ಅದೇ ನೀರಿನಲ್ಲಿ ಡೈವರ್‌ಗಳು ಹೋಗಬಾರದ ಒಂದು ಹಡಗೂ ಇದೆ. 1939ರ ಅಕ್ಟೋಬರ್ 14ರಂದು ಜರ್ಮನ್ ಸಬ್‌ಮರೀನ್ ಹೊಡೆದುರುಳಿಸಿದ 'ರಾಯಲ್ ಓಕ್' ಜತೆ ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಅದು ಯೋಧರ ಸಮಾಧಿ. ದಕ್ಷಿಣದ ಲೈಮ್ ಕೊಲ್ಲಿಯಲ್ಲಿರುವ ಎಂ-2 ಸಬ್‌ಮರೀನಿನದೂ ಇಂಥದೇ ಕಥೆ. ಪುಟ್ಟ ವಿಮಾನವೊಂದನ್ನು ಹೊತ್ತೊಯ್ಯುತ್ತಿದ್ದ ಆ ಅಪರೂಪದ ನೌಕೆ 1932ರ ಜನವರಿಯಲ್ಲಿ 60 ಮಂದಿಯೊಂದಿಗೆ ಮುಳುಗಿತು. ಅದನ್ನು ಹೊರಗಿನಿಂದ ನೋಡಬಹುದು, ಮುಟ್ಟುವಂತಿಲ್ಲ, ಒಳಹೋಗುವಂತಿಲ್ಲ. ಒಂದು ಕಾಲದಲ್ಲಿ ಡೈವರ್‌ಗಳು ಮುಳುಗಿದ ಹಡಗಿನ ಹಿತ್ತಾಳೆ ಕಿಟಕಿ, ಗಂಟೆಗಳನ್ನು ಕಿತ್ತು ತಂದು ಮನೆಯಲ್ಲಿ ತೂಗುಹಾಕಿಕೊಳ್ಳುತ್ತಿದ್ದರು. ಇಂದಿನ ಕಾನೂನಿನಂತೆ ಹಡಗಿನ ಅವಶೇಷದಿಂದ ಏನನ್ನಾದರೂ ಮೇಲೆ ತಂದರೆ 28 ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ಕ್ಲಬ್ಬುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತರುವುದೇ ಬೇಡ ಎಂದು ಕಲಿಸುತ್ತವೆ.

ಹವ್ಯಾಸಿಗಳು ದೇಶಕ್ಕೆ ಕೊಟ್ಟದ್ದು

ಪೋರ್ಟ್ಸ್‌ಮತ್ ಬಳಿಯ ಸೌತ್‌ಸೀ ಶಾಖೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಎಂಟನೆಯ ಹೆನ್ರಿಯ ಅಚ್ಚುಮೆಚ್ಚಿನ ಯುದ್ಧನೌಕೆ 'ಮೇರಿ ರೋಸ್' 1545ರ ಜುಲೈ 19ರಂದು ಅರಸನ ಕಣ್ಣೆದುರೇ ಸೋಲೆಂಟ್ ಜಲಸಂಧಿಯಲ್ಲಿ ಮುಳುಗಿತ್ತು. ಬರಹಗಾರ, ಡೈವರ್ ಅಲೆಕ್ಸಾಂಡರ್ ಮೆಕೀ 1965ರಲ್ಲಿ ಸೌತ್‌ಸೀ ಶಾಖೆಯ ಸದಸ್ಯರನ್ನು ಕಟ್ಟಿಕೊಂಡು ಅದರ ಹುಡುಕಾಟ ಶುರುಮಾಡಿದರು. ಕೈ ಚಾಚಿದರೆ ಬೆರಳು ಕಾಣದಷ್ಟು ಕೆಸರು ನೀರು, ಕೈಯಲ್ಲಿ ಹಣವಿಲ್ಲ. ರಜೆಯ ದಿನಗಳಲ್ಲಿ, ಸ್ವಂತ ಖರ್ಚಿನಲ್ಲಿ, ವರ್ಷವರ್ಷವೂ ಹುಡುಕಿದರು. ಅಮೆರಿಕದ ವಿಜ್ಞಾನಿ ಹೆರಾಲ್ಡ್ ಎಡ್ಜರ್ಟನ್ ತಂದ ಸೋನಾರ್ ಯಂತ್ರ ಕೆಸರಿನಡಿ ಹುದುಗಿದ ಆಕಾರವೊಂದನ್ನು ತೋರಿತು. 1971ರಲ್ಲಿ ಹಡಗಿನ ತೊಲೆಗಳು ಕಣ್ಣಿಗೆ ಬಿದ್ದವು.

ಪುರಾತತ್ವಜ್ಞೆ ಮಾರ್ಗರೆಟ್ ರೂಲ್ ಈ ಕೆಲಸಕ್ಕೆಂದೇ ಡೈವಿಂಗ್ ಕಲಿತು ಉತ್ಖನನದ ಹೊಣೆ ಹೊತ್ತರು. 1979ರಿಂದ 1982ರವರೆಗೆ ಸುಮಾರು 500 ಸ್ವಯಂಸೇವಕ ಡೈವರ್‌ಗಳು ಹತ್ತಿರಹತ್ತಿರ 28,000 ಬಾರಿ ಅಲ್ಲಿ ಮುಳುಗಿ ಎದ್ದರು. 1982ರ ಅಕ್ಟೋಬರ್ 11ರಂದು ಹಡಗಿನ ಒಡಲು ನೀರಿನಿಂದ ಮೇಲೆ ಬಂದಾಗ ಜಗತ್ತಿನ ಉದ್ದಗಲಕ್ಕೆ ಜನ ಟಿವಿಯಲ್ಲಿ ನೋಡಿದರು. ಬಿಲ್ಲು, ಬಾಣ, ವೈದ್ಯನ ಪೆಟ್ಟಿಗೆ, ಬಾಚಣಿಗೆ, ಪಿಟೀಲು, ನಾವಿಕರ ಚಪ್ಪಲಿ ಸೇರಿ 19,000 ವಸ್ತುಗಳು ಸಿಕ್ಕವು. ಹದಿನಾರನೆಯ ಶತಮಾನದ ಸಾಮಾನ್ಯ ನಾವಿಕನ ದಿನನಿತ್ಯದ ಬದುಕು ಇಷ್ಟು ವಿವರವಾಗಿ ಇನ್ನೆಲ್ಲೂ ಸಿಗದು. ಆ ಕಾಲಕ್ಕೆ ಕ್ಲಬ್ಬಿನ ಅಧ್ಯಕ್ಷರಾಗಿದ್ದ ರಾಜಕುಮಾರ ಚಾರ್ಲ್ಸ್, ಅಂದರೆ ಇಂದಿನ ದೊರೆ, 1975ರಲ್ಲಿ ಈ ಜಾಗಕ್ಕೆ ತಾವೇ ಡೈವ್ ಮಾಡಿದ್ದರು.

ಇದು ಒಂದೇ ಉದಾಹರಣೆಯಲ್ಲ. 1995ರಲ್ಲಿ ಡೆವನ್‌ನ ಸಾಲ್‌ಕೋಂಬ್ ಬಳಿ ಹವ್ಯಾಸಿ ಡೈವರ್‌ಗಳ ತಂಡವೊಂದು ಮೊರಾಕ್ಕೊ ಅರಸರ ನಾನೂರಕ್ಕೂ ಹೆಚ್ಚು ಚಿನ್ನದ ನಾಣ್ಯಗಳನ್ನು ಪತ್ತೆ ಮಾಡಿತು; ಅವು ಇಂದು ಬ್ರಿಟಿಷ್ ಮ್ಯೂಸಿಯಮ್‌ನಲ್ಲಿವೆ. ಐಲ್ ಆಫ್ ವೈಟ್ ದ್ವೀಪದ ಬೌಲ್ಡ್‌ನರ್ ಬಳಿ 11 ಮೀಟರ್ ಆಳದಲ್ಲಿ ಏಡಿಯ ಸಂಬಂಧಿಯಾದ ಲಾಬ್‌ಸ್ಟರ್ ಒಂದು ತನ್ನ ಬಿಲದಿಂದ ಕಲ್ಲಿನ ಚೂರುಗಳನ್ನು ಹೊರಗೆಸೆಯುತ್ತಿದ್ದುದನ್ನು 1999ರಲ್ಲಿ ಡೈವರ್‌ಗಳು ಗಮನಿಸಿದರು. ಅವು 8,000 ವರ್ಷ ಹಿಂದಿನ ಮನುಷ್ಯರು ಚೂಪುಗೊಳಿಸಿದ ಚಕಮಕಿ ಕಲ್ಲುಗಳು. ಕಡಲು ಏರುವ ಮೊದಲು ಅಲ್ಲಿ ಜನ ಬಾಳುತ್ತಿದ್ದರು ಎಂಬುದು ಹೀಗೆ ಬೆಳಕಿಗೆ ಬಂತು.

ಮರೈನ್ ಕನ್ಸರ್ವೇಶನ್ ಸೊಸೈಟಿ ನಡೆಸುವ 'ಸೀಸರ್ಚ್' ಎಂಬ ಯೋಜನೆಯಲ್ಲಿ ಸ್ವಯಂಸೇವಕರು ತರಬೇತಿ ಪಡೆದು, ಪ್ರತಿ ಡೈವ್‌ನಲ್ಲೂ ಕಂಡ ಜೀವಿಗಳು, ಬಂಡೆ, ಮರಳುಗಳನ್ನು ದಾಖಲಿಸುತ್ತಾರೆ. ಲೈಮ್ ಕೊಲ್ಲಿಯಲ್ಲಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವ ಗುಲಾಬಿ ಕಡಲಬೀಸಣಿಗೆ ಹವಳಗಳನ್ನು ಚಿಪ್ಪುಮೀನು ಹೆಕ್ಕುವ ಕಬ್ಬಿಣದ ಬಲೆಗಳು ಉಜ್ಜಿಹಾಕುತ್ತಿದ್ದವು. ಡೈವರ್‌ಗಳು ವರ್ಷಗಟ್ಟಲೆ ಕೂಡಿಟ್ಟ ಇಂಥ ದಾಖಲೆಗಳೂ ಸಾಕ್ಷ್ಯದ ಭಾಗವಾಗಿ, 2008ರಲ್ಲಿ ಸರ್ಕಾರ ಅಲ್ಲಿನ 60 ಚದರ ನಾಟಿಕಲ್ ಮೈಲಿ ಪ್ರದೇಶದಲ್ಲಿ ಆ ಬಗೆಯ ಮೀನುಗಾರಿಕೆಯನ್ನು ನಿಷೇಧಿಸಿತು. ನೀರಿನಡಿಯಲ್ಲಿ ಏನು ನಾಶವಾಗುತ್ತಿದೆ ಎಂಬುದನ್ನು ಹೇಳಲು ಅಲ್ಲಿಗೆ ಹೋಗಿ ನೋಡಿದವರು ಬೇಕು. ಒಬ್ಬಿಬ್ಬರು ವಿಜ್ಞಾನಿಗಳಿಂದ ಅಷ್ಟು ಉದ್ದದ ಕರಾವಳಿಯನ್ನು ಕಾಯಲಾಗದು.

ನಮ್ಮ ನೀರಿಗೆ ಯಾರು?

ಕರ್ನಾಟಕದಲ್ಲಿ ಸ್ಕೂಬಾ ಎಂದರೆ ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪದ ಸುತ್ತ ಗಿಳಿಮೀನು, ಚಿಟ್ಟೆಮೀನು, ಮೊರೆ ಈಲ್‌ಗಳನ್ನು ನೋಡಲು ಮಳೆಗಾಲ ಮುಗಿದ ಮೇಲೆ ರಾಜ್ಯದ ಎಲ್ಲೆಡೆಯಿಂದ ಜನ ಬರುತ್ತಾರೆ. ಬಹುಪಾಲು ಮಂದಿ ತರಬೇತುದಾರರ ಕೈ ಹಿಡಿದು ಒಮ್ಮೆ ಇಳಿದು, ಫೋಟೊ ತೆಗೆಸಿಕೊಂಡು ಊರಿಗೆ ಮರಳುತ್ತಾರೆ. ಅದು ಒಳ್ಳೆಯ ಆರಂಭವೇ. ಆದರೆ ಒಂದು ಜಾಗವನ್ನು ವರ್ಷವರ್ಷವೂ ಹೋಗಿ ನೋಡುವ, ಅಲ್ಲಿ ಯಾವ ಹವಳ ಬಿಳಿಚಿಕೊಂಡಿದೆ, ಎಲ್ಲಿ ಹರಿದ ಬಲೆ ಸಿಕ್ಕಿಹಾಕಿಕೊಂಡಿದೆ ಎಂದು ಬರೆದಿಡುವ ಕಣ್ಣುಗಳು ಪ್ರವಾಸದಿಂದ ಹುಟ್ಟುವುದಿಲ್ಲ. ಅವು ಹುಟ್ಟುವುದು ಸಂಘದಿಂದ.

ಕಲ್ಲುಕ್ವಾರಿಗಳಂತೂ ನಮ್ಮಲ್ಲಿ ಜಿಲ್ಲೆಜಿಲ್ಲೆಗೂ ಇವೆ. ಕೆಲಸ ನಿಂತು, ಮಳೆನೀರು ತುಂಬಿ, ಬೇಲಿಯಿಲ್ಲದೆ ಬಿದ್ದಿರುವ ಹೊಂಡಗಳು. ಅವು ಸುದ್ದಿಯಾಗುವುದು ಈಜಲು ಹೋದ ಮಕ್ಕಳು ಮುಳುಗಿದಾಗ. ಆಗ ಶವ ಹುಡುಕಲು ಅಗ್ನಿಶಾಮಕ ದಳದ ಜತೆಗೆ ಊರಿನ ನುರಿತ ಈಜುಗಾರರನ್ನು, ಮೀನುಗಾರರನ್ನು ಕರೆಯುತ್ತಾರೆ. ಸಲಕರಣೆಯಿಲ್ಲದೆ, ಉಸಿರು ಬಿಗಿಹಿಡಿದು, ಕತ್ತಲ ನೀರಿನಲ್ಲಿ ತಡಕಾಡುವ ಆ ಜನರ ಧೈರ್ಯ ದೊಡ್ಡದು. ಕರಾವಳಿಯಲ್ಲಿ ಬಂಡೆಗೆ ಅಂಟಿದ ಪಚ್ಚಿಲೆಯನ್ನು ಮುಳುಗಿ ಕೀಳುವವರಿಗೆ ತಮ್ಮ ನೀರಿನ ಸೆಳೆತ, ಆಳ, ಋತು ಎಲ್ಲವೂ ಗೊತ್ತು. ಕಲಿಸಬಲ್ಲ ಗುರುಗಳು ನಮ್ಮಲ್ಲಿ ಈಗಾಗಲೇ ಇದ್ದಾರೆ ಎಂದು ನಾನು ಹೇಳುವುದು ಇದಕ್ಕೇ. ಅವರ ತಿಳಿವಳಿಕೆಗೆ ಪ್ರಮಾಣೀಕೃತ ತರಬೇತಿ, ಸರಿಯಾದ ಸಲಕರಣೆ, ವಿಮೆ ಜೋಡಿಸಿ, ಒಂದು ಹೊಂಡವನ್ನಾದರೂ ಕಾವಲಿಟ್ಟು ಸುರಕ್ಷಿತ ಕಲಿಕೆಯ ಜಾಗವಾಗಿಸಿದರೆ, ಅಲ್ಲಿ ಕಲಿತವರು ಜೀವ ಉಳಿಸಲೂ ಕಲಿತಿರುತ್ತಾರೆ.

ಇದಕ್ಕೆ ಬ್ರಿಟನ್ನಿನಷ್ಟು ಹಣ ಬೇಕಿಲ್ಲ. ಅಲ್ಲಿಯೂ 1953ರಲ್ಲಿ ಯುದ್ಧದ ಕಾಲದ ಪಡಿತರ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಸಲಕರಣೆಗಳನ್ನು ಬಹಳ ಮಂದಿ ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಅವರಿಗಿದ್ದದ್ದು ಒಂದು ಈಜುಕೊಳ, ವಾರದಲ್ಲಿ ಒಂದು ಸಂಜೆ, ಮತ್ತು ತನಗೆ ಗೊತ್ತಾದದ್ದನ್ನು ಮುಂದಿನವರಿಗೆ ಬಿಟ್ಟಿಯಾಗಿ ಕಲಿಸುವ ಮನಸ್ಸು. ಮಂಗಳೂರು, ಉಡುಪಿ, ಕಾರವಾರ, ಬೆಂಗಳೂರು, ಮೈಸೂರುಗಳಲ್ಲಿ ಈಜುಕೊಳಗಳಿವೆ, ಈಜುವವರಿದ್ದಾರೆ. ಹತ್ತು ಮಂದಿ ಸೇರಿ, ತರಬೇತಾದ ಇಬ್ಬರನ್ನು ಜತೆಗಿಟ್ಟುಕೊಂಡು, ಒಂದು ಸಂಜೆಯನ್ನು ಗೊತ್ತುಮಾಡಿಕೊಂಡರೆ ನಮ್ಮ ಮೊದಲ ಶಾಖೆ ಶುರುವಾದ ಹಾಗೆ.